ಮುಂದಿನ ಹೆಡ್‌ಫೋನ್ ಜ್ಯಾಕ್ ಸುಮ್ಮನೆ ಕೂತಿದ್ದರೆ: ಕ್ಯಾಬಿನೆಟ್‌ನ ಆಡಿಯೊ ವೈರಿಂಗ್ ನೀವೇ ಮಾಡಿಕೊಳ್ಳಿ

ಮನೆಯಲ್ಲೇ ಕಂಪ್ಯೂಟರ್ ಜೋಡಿಸಿದವರಿಗೆ ಈ ಸಂಕಟ ಗೊತ್ತಿರುತ್ತದೆ. ಪ್ರೊಸೆಸರ್ ಕೂತಿತು, ರ‍್ಯಾಮ್ ಕೂತಿತು, ವಿಂಡೋಸ್ ಬಂತು, ಎಲ್ಲ ಸರಿ. ರಾತ್ರಿ ಮನೆಯವರು ಮಲಗಿದ ಮೇಲೆ ಹೆಡ್‌ಫೋನ್ ತಂದು ಮುಂದಿನ ಜ್ಯಾಕ್‌ಗೆ ಚುಚ್ಚಿದರೆ ಒಂದು ಚೂರೂ ಸದ್ದಿಲ್ಲ. ಅದೇ ಹೆಡ್‌ಫೋನನ್ನು ಮೇಜಿನ ಕೆಳಗೆ ತೂರಿ, ಧೂಳು ಕುಡಿದು, ಹಿಂದಿನ ಹಸಿರು ಜ್ಯಾಕ್‌ಗೆ ಹಾಕಿದರೆ ಚೆನ್ನಾಗಿ ಹಾಡುತ್ತದೆ.

ನನಗೆ ಹೀಗಾದದ್ದು ಒಂದು ಹಳೆ ಕ್ಯಾಬಿನೆಟ್‌ನಿಂದ. ತಗಡು ಈಗಿನವಕ್ಕಿಂತ ದಪ್ಪ, ಬಿಸಾಡಲು ಮನಸ್ಸು ಬರಲಿಲ್ಲ. ಒಳಗೆ ಹೊಸ ಮದರ್‌ಬೋರ್ಡ್ ಕೂರಿಸಿದೆ. ಮುಂದಿನ ಜ್ಯಾಕ್‌ನಿಂದ ಬಂದ ಬಿಡಿಬಿಡಿ ವೈರುಗಳನ್ನು ಅಂದಾಜಿನ ಮೇಲೆ ಚುಚ್ಚಿದೆ. ಆಮೇಲೆ ಎರಡು ಭಾನುವಾರ ಡ್ರೈವರನ್ನು ಬೈಯುತ್ತಾ, ತೆಗೆದು ಹಾಕುತ್ತಾ, ಮತ್ತೆ ಡೌನ್‌ಲೋಡ್ ಮಾಡುತ್ತಾ ಕೂತೆ. ಡ್ರೈವರ್ ತಪ್ಪೇನೂ ಇರಲಿಲ್ಲ ಪಾಪ.

ಆಗ ಅರ್ಥವಾದ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಇದು ತಲೆಯೊಳಗೆ ಕೂತರೆ ಉಳಿದದ್ದೆಲ್ಲ ಸಲೀಸು. ಮುಂದಿನ ಜ್ಯಾಕ್‌ನಿಂದ ಮದರ್‌ಬೋರ್ಡ್‌ಗೆ ಎರಡು ಬೇರೆ ಬೇರೆ ದಾರಿಗಳಿವೆ. ಒಂದು ಸದ್ದಿನ ದಾರಿ. ಇನ್ನೊಂದು ಸುದ್ದಿಯ ದಾರಿ. ಸದ್ದಿನ ವೈರಲ್ಲಿ ಹಾಡು ಹೋಗುತ್ತದೆ. ಸುದ್ದಿಯ ವೈರಲ್ಲಿ ‘ಯಾರೋ ಹೆಡ್‌ಫೋನ್ ಚುಚ್ಚಿದ್ದಾರೆ’ ಅನ್ನುವ ಖಬರು ಮಾತ್ರ ಹೋಗುತ್ತದೆ. ಈ ಖಬರು ಮುಟ್ಟದಿದ್ದರೆ ಎಷ್ಟೋ ಬೋರ್ಡ್‌ಗಳು ಮುಂದಿನ ಜ್ಯಾಕ್‌ಗೆ ಸದ್ದನ್ನು ಕಳಿಸುವುದೇ ಇಲ್ಲ. ವೈರ್ ಸರಿಯಾಗಿಯೇ ಇರುತ್ತದೆ, ಆದರೆ ನೀವು ಬಂದಿದ್ದೀರಿ ಅಂತ ಬೋರ್ಡಿಗೆ ಗೊತ್ತಿಲ್ಲ, ಅಷ್ಟೇ.

ಮೊದಲು ಹೆಡರ್ ಹುಡುಕಿ

ಕೆಲಸಕ್ಕೆ ಮುಂಚೆ ಪವರ್ ಕೇಬಲ್ ಕಿತ್ತುಬಿಡಿ. ಸ್ವಿಚ್ ಆರಿಸಿದರೆ ಸಾಲದು, ಕಿತ್ತೇ ಇಡಿ. ಆಮೇಲೆ ಪವರ್ ಬಟನ್ ಐದಾರು ಸೆಕೆಂಡ್ ಒತ್ತಿ ಹಿಡಿದರೆ ಒಳಗೆ ಉಳಿದಿರುವ ಕರೆಂಟ್ ಖಾಲಿಯಾಗುತ್ತದೆ. ಬಣ್ಣ ಇಲ್ಲದ ತಗಡನ್ನು ಒಮ್ಮೆ ಮುಟ್ಟಿ, ನಂತರ ಬೋರ್ಡಿಗೆ ಕೈ ಹಾಕಿ.

ಆಡಿಯೊ ಹೆಡರ್, ಅಂದರೆ ಮುಂದಿನ ಜ್ಯಾಕ್‌ನ ಕೇಬಲ್ ಚುಚ್ಚುವ ಪಿನ್ನುಗಳ ಗುಂಪು, ಸಾಮಾನ್ಯವಾಗಿ ಬೋರ್ಡಿನ ಕೆಳಗಿನ ಎಡ ಮೂಲೆಯಲ್ಲಿ, ಹಿಂದಿನ ಆಡಿಯೊ ಜ್ಯಾಕ್‌ಗಳ ನೇರಕ್ಕೆ ಕೆಳಗೆ ಇರುತ್ತದೆ. ಪಕ್ಕದಲ್ಲಿ ರಿಯಲ್‌ಟೆಕ್ ಚಿಪ್ಪು, ಅದರ ಸುತ್ತ ನಾಲ್ಕಾರು ದುಂಡನೆಯ ಕೆಪಾಸಿಟರ್‌ಗಳು ಕಂಡರೆ ಹತ್ತಿರ ಬಂದಿರಿ ಅಂತ. ಹೆಸರು ಮಾತ್ರ ಒಂದೊಂದು ಕಂಪನಿಯದು ಒಂದೊಂದು. ಏಸಸ್ ಬೋರ್ಡಿನಲ್ಲಿ ‘ಎಎಎಫ್‌ಪಿ’, ಎಂಎಸ್‌ಐನಲ್ಲಿ ‘ಜೆಎಯುಡಿ1’, ಗಿಗಾಬೈಟ್‌ನಲ್ಲಿ ‘ಎಫ್ ಆಡಿಯೊ’, ಎಎಸ್‌ರಾಕ್‌ನಲ್ಲಿ ‘ಎಚ್‌ಡಿ ಆಡಿಯೊ1’ ಅಂತ ಬರೆದಿರುತ್ತದೆ. ಗ್ರಾಫಿಕ್ಸ್ ಕಾರ್ಡ್ ಹಾಕುವ ಮುಂಚೆಯೇ ಈ ಕೇಬಲ್ ಹಾಕಿಬಿಡುವುದು ಜಾಣತನ. ಕಾರ್ಡ್ ಕೂತ ಮೇಲೆ ಆ ಮೂಲೆಗೆ ಎರಡು ಬೆರಳು ಹೋಗುವುದೂ ಕಷ್ಟ, ನನ್ನ ಬೆರಳಂತೂ ಹೋಗುವುದಿಲ್ಲ.

ಹೆಡರ್‌ನಲ್ಲಿ ಪಿನ್ನುಗಳದು ಎರಡು ಸಾಲು, ಸಾಲಿಗೆ ಐದು. ಹತ್ತು ಪಿನ್ ಇರಬೇಕಾದಲ್ಲಿ ಒಂಬತ್ತೇ ಇರುತ್ತವೆ. ಆ ಇಲ್ಲದ ಪಿನ್ನೇ ನಿಮ್ಮ ಗುರುತು. ಆಡಿಯೊ ಹೆಡರ್‌ನಲ್ಲಿ ಇಲ್ಲದ್ದು 8ನೆಯದು, ಅಂದರೆ ಮೂಲೆಯಿಂದ ಎರಡನೆಯದು. ಯುಎಸ್‌ಬಿ 2.0 ಹೆಡರೂ ಇದೇ ಅಳತೆಯದು, ಎಷ್ಟೋ ಸಲ ಪಕ್ಕದಲ್ಲೇ ಕೂತಿರುತ್ತದೆ. ಆದರೆ ಅದರಲ್ಲಿ ಇಲ್ಲದ್ದು 9ನೆಯ ಪಿನ್ನು, ಅಂದರೆ ಸೀದಾ ಮೂಲೆಯದ್ದೇ. ಈ ವ್ಯತ್ಯಾಸ ನೋಡದೆ ಬಲ ಹಾಕಿ ಒತ್ತಿದರೆ ಪಿನ್ ಬಾಗುತ್ತದೆ. ಬಿಡಿ ವೈರುಗಳಾದರೆ ಇನ್ನೂ ಅಪಾಯ, ಪ್ಲಗ್ಗಿನಲ್ಲಿರುವ ಹಾಗೆ ತಡೆಯುವ ಮುಚ್ಚಿದ ತೂತೇ ಇರುವುದಿಲ್ಲವಲ್ಲ. ಯುಎಸ್‌ಬಿಯ 5 ವೋಲ್ಟ್ ಹೋಗಿ ಜ್ಯಾಕ್‌ಗೆ ಬೀಳುತ್ತದೆ.

ನಂಬರ್ ಎಣಿಸುವ ರೀತಿ ಹೀಗೆ. ಖಾಲಿ ಜಾಗ ಇರುವ ಸಾಲು ಸರಿ ಸಂಖ್ಯೆಗಳ ಸಾಲು: 2, 4, 6, ಖಾಲಿ, 10. ಖಾಲಿ ಜಾಗದ ಆಚೆ ಒಂಟಿಯಾಗಿ ನಿಂತಿರುವುದು 10. ಅದರ ಎದುರಿಗಿರುವುದು 9. ಅಲ್ಲಿಂದ ಹಿಂದಕ್ಕೆ ಬಂದರೆ 7, 5, 3, 1. ಬೋರ್ಡಿನ ಮೇಲೆ 1ನೆಯ ಪಿನ್ ಪಕ್ಕ ಸಣ್ಣ ತ್ರಿಕೋನವನ್ನೋ ದಪ್ಪ ಗೆರೆಯನ್ನೋ ಹಾಕಿರುತ್ತಾರೆ, ಅದನ್ನೂ ತಾಳೆ ನೋಡಿ.

ಯಾವ ಪಿನ್ ಯಾವುದಕ್ಕೆ

ಈಗಿನ ಬೋರ್ಡ್‌ಗಳೆಲ್ಲ ಎಚ್‌ಡಿ ಆಡಿಯೊ ಲೆಕ್ಕದವು. ಇಂಟೆಲ್ 2004ರಲ್ಲಿ ತಂದ ಪದ್ಧತಿ ಇದು. ಅದಕ್ಕೂ ಮುಂಚೆ ಇದ್ದದ್ದು ಎಸಿ 97, ಹೆಸರೇ ಹೇಳುವ ಹಾಗೆ 1997ರದ್ದು. ಎರಡರ ಹೆಡರೂ ನೋಡಲು ಒಂದೇ, ಒಂಬತ್ತು ಪಿನ್ನು, ಅದೇ 8ನೆಯದು ಖಾಲಿ. ಗೊಂದಲ ಶುರುವಾಗುವುದೇ ಇಲ್ಲಿ.

ಎಚ್‌ಡಿ ಆಡಿಯೊದಲ್ಲಿ 1 ಮತ್ತು 3 ಮೈಕ್‌ನ ಎಡ ಮತ್ತು ಬಲ. 2 ಗ್ರೌಂಡ್, ಅಂದರೆ ಎಲ್ಲಕ್ಕೂ ಸೇರಿದ ಸೊನ್ನೆ ವೋಲ್ಟಿನ ವೈರು. 9 ಹೆಡ್‌ಫೋನ್‌ನ ಎಡ, 5 ಹೆಡ್‌ಫೋನ್‌ನ ಬಲ. ಇಷ್ಟು ಸದ್ದಿನ ದಾರಿ. ಉಳಿದವು ಸುದ್ದಿಯವು. 7ನೆಯ ಪಿನ್ನಿಗೆ ಸೆನ್ಸ್ ಸೆಂಡ್ ಅನ್ನುತ್ತಾರೆ, ಖಬರು ಕೇಳಲು ಬೋರ್ಡ್ ಕಳಿಸುವ ಆಳು ಅಂದುಕೊಳ್ಳಿ. ಅವನು ಜ್ಯಾಕ್ ತನಕ ಹೋಗಿ, ಹೆಡ್‌ಫೋನ್ ಇದ್ದರೆ 10ನೆಯ ಪಿನ್ನಿನಿಂದ ವಾಪಸ್ ಬರುತ್ತಾನೆ, ಮೈಕ್ ಇದ್ದರೆ 6ನೆಯದರಿಂದ. ವಾಪಸ್ ಬರದಿದ್ದರೆ ಅಲ್ಲಿ ಯಾರೂ ಇಲ್ಲ ಅಂತ ಬೋರ್ಡ್ ತಿಳಿದುಕೊಳ್ಳುತ್ತದೆ. 4ನೆಯದು, ಮುಂದೆ ಎಚ್‌ಡಿ ಪ್ಯಾನೆಲ್ (ಜ್ಯಾಕ್‌ಗಳಿರುವ ಮುಂಭಾಗ) ಇದೆ ಎಂದು ತಿಳಿಸುವ ಪಿನ್. ಪ್ಯಾನೆಲ್ ಕಡೆ ಅದನ್ನು ಗ್ರೌಂಡಿಗೆ ಸೇರಿಸಿರುತ್ತಾರೆ.

ಎಸಿ 97ರಲ್ಲಿ ಸುದ್ದಿಯ ಈ ಏರ್ಪಾಡೇ ಇರಲಿಲ್ಲ. ಸದ್ದು 5 ಮತ್ತು 9ರಿಂದ ಮುಂದಿನ ಜ್ಯಾಕ್‌ಗೆ ಹೋಗಿ, ಅಲ್ಲಿ ಏನೂ ಚುಚ್ಚಿರದಿದ್ದರೆ 6 ಮತ್ತು 10ರಿಂದ ವಾಪಸ್ ಬಂದು ಹಿಂದಿನ ಸ್ಪೀಕರ್‌ಗೆ ಹೋಗುತ್ತಿತ್ತು. ಹೆಡ್‌ಫೋನ್ ಚುಚ್ಚಿದರೆ ಜ್ಯಾಕ್‌ನೊಳಗಿನ ತಗಡು ಬಿಟ್ಟುಕೊಂಡು ಸ್ಪೀಕರ್ ನಿಲ್ಲುತ್ತಿತ್ತು. ಗದ್ದೆಗೆ ನೀರು ಬಿಟ್ಟ ಹಾಗೆ, ಒಂದು ಕಡೆ ಕಟ್ಟೆ ಹಾಕಿದರೆ ಮುಂದಕ್ಕೆ ಹರಿಯದು. ಹಳೆ ಬೋರ್ಡ್‌ಗಳಲ್ಲಿ 5-6 ಮತ್ತು 9-10ಕ್ಕೆ ಎರಡು ಪಿನ್ನನ್ನು ಸೇರಿಸುವ ಪುಟ್ಟ ಟೋಪಿ, ಅಂದರೆ ಜಂಪರ್, ಹಾಕಿರುತ್ತಿದ್ದದ್ದು ಇದಕ್ಕೇ. ಅದನ್ನು ಕಿತ್ತು ಕಳೆದುಕೊಂಡರೆ ಹಿಂದಿನ ಸ್ಪೀಕರೂ ಮೂಕ.

ಕ್ಯಾಬಿನೆಟ್ ಹೊಸದಾಗಿದ್ದರೆ ನಿಮ್ಮ ಕೆಲಸ ಎರಡು ನಿಮಿಷದ್ದು. ಎಲ್ಲ ವೈರೂ ಸೇರಿ ಒಂದೇ ಕಪ್ಪು ಪ್ಲಗ್ ಇರುತ್ತದೆ, ಅದರ ಒಂದು ತೂತು ಮುಚ್ಚಿರುತ್ತದೆ, ಆ ಮುಚ್ಚಿದ ತೂತನ್ನು ಖಾಲಿ ಜಾಗಕ್ಕೆ ಹೊಂದಿಸಿ ಒತ್ತಿ. ಕೆಲವು ಕ್ಯಾಬಿನೆಟ್‌ಗಳಲ್ಲಿ ಒಂದೇ ಕೇಬಲ್‌ಗೆ ಎರಡು ತಲೆ ಇರುತ್ತವೆ, ಒಂದರ ಮೇಲೆ ಎಚ್‌ಡಿ ಆಡಿಯೊ ಅಂತ, ಇನ್ನೊಂದರ ಮೇಲೆ ಎಸಿ 97 ಅಂತ ಬರೆದಿರುತ್ತದೆ. ಎಚ್‌ಡಿಯದನ್ನು ಹಾಕಿ, ಇನ್ನೊಂದನ್ನು ಟೇಪ್ ಸುತ್ತಿ ಪಕ್ಕಕ್ಕೆ ಕಟ್ಟಿಬಿಡಿ. ಅದು ಒಳಗೆ ನೇತಾಡುತ್ತಾ ಎಲ್ಲಾದರೂ ತಗುಲುವುದು ಬೇಡ.

ಬಿಡಿ ವೈರುಗಳ ಹಳೆ ಕ್ಯಾಬಿನೆಟ್ ಆದರೆ

ಇದೇ ನನ್ನ ಕತೆ, ಹಾಗಾಗಿ ಸ್ವಲ್ಪ ಉದ್ದ.

ಹಳೆ ಕ್ಯಾಬಿನೆಟ್‌ನಿಂದ ಸಾಮಾನ್ಯವಾಗಿ ಏಳು ಬಿಡಿ ವೈರು ಬರುತ್ತವೆ, ಒಂದೊಂದರ ತುದಿಗೂ ಒಂಟಿ ಪಿನ್ನಿನ ಟೋಪಿ. ಟೋಪಿಯ ಮೇಲೆ ಸಣ್ಣಗೆ ಮೈಕ್ ಇನ್, ಮೈಕ್ ಪವರ್ ಅಥವಾ ಮೈಕ್ ಬಯಾಸ್, ಗ್ರೌಂಡ್, ಔಟ್ ಆರ್, ಔಟ್ ಎಲ್, ರಿಟರ್ನ್ ಆರ್, ರಿಟರ್ನ್ ಎಲ್ ಅಂತ ಅಚ್ಚಾಗಿರುತ್ತದೆ. ಬಣ್ಣ ನೋಡಿ ಮೋಸಹೋಗಬೇಡಿ, ಕೆಂಪು ವೈರ್ ಎಲ್ಲ ಕ್ಯಾಬಿನೆಟ್‌ನಲ್ಲೂ ಬಲಗಡೆಯದ್ದೇ ಅಂತ ಏನಿಲ್ಲ.

ಹೊಸ ಬೋರ್ಡಿಗೆ ಇವನ್ನು ಹಾಕುವ ಬಗೆ: ಮೈಕ್ ಇನ್ 1ಕ್ಕೆ, ಮೈಕ್ ಪವರ್ 3ಕ್ಕೆ, ಗ್ರೌಂಡ್ 2ಕ್ಕೆ, ಔಟ್ ಆರ್ 5ಕ್ಕೆ, ಔಟ್ ಎಲ್ 9ಕ್ಕೆ. ರಿಟರ್ನ್ ವೈರುಗಳು ಎರಡನ್ನೂ ಎಲ್ಲಿಗೂ ಹಾಕಬೇಡಿ. ನಾನು ಮಾಡಿದ ತಪ್ಪೇ ಇದು. ಪಿನ್ ಖಾಲಿ ಬಿಡಲು ಮನಸ್ಸಾಗದೆ 6 ಮತ್ತು 10ಕ್ಕೆ ಚುಚ್ಚಿದ್ದೆ. ಹಳೆ ಜ್ಯಾಕ್‌ನಲ್ಲಿ ರಿಟರ್ನ್ ವೈರ್ ಸದ್ದಿನ ವೈರಿಗೇ ಅಂಟಿಕೊಂಡಿರುತ್ತದೆ, ಅಂದರೆ ಸುದ್ದಿ ಬರಬೇಕಾದ ಪಿನ್ನಿಗೆ ಸದ್ದನ್ನು ಸುರಿದ ಹಾಗಾಯಿತು. ಬೋರ್ಡಿಗೆ ತಲೆ ಕೆಟ್ಟಿತು. ಒಮ್ಮೆ ಹೆಡ್‌ಫೋನ್ ಇದೆ ಅನ್ನುತ್ತಿತ್ತು, ಮರುಕ್ಷಣ ಇಲ್ಲ ಅನ್ನುತ್ತಿತ್ತು. ಉಳಿದ ವೈರುಗಳ ತುದಿಗೆ ಟೇಪ್ ಸುತ್ತಿ ಬಿಟ್ಟುಬಿಡಿ.

ಇಷ್ಟು ಮಾಡಿದರೆ ಸದ್ದಿನ ದಾರಿ ತೆರೆಯಿತು, ಸುದ್ದಿಯ ದಾರಿ ಇಲ್ಲ. ಹಾಗಾಗಿ ಸುದ್ದಿ ಕೇಳುವುದನ್ನೇ ಬಿಡು ಅಂತ ಬೋರ್ಡಿಗೆ ಹೇಳಬೇಕು. ಹಲವು ಬೋರ್ಡ್‌ಗಳ ಬಯೋಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಬೋರ್ಡಿನ ಸೆಟ್ಟಿಂಗ್ ಪರದೆ) ‘ಫ್ರಂಟ್ ಪ್ಯಾನೆಲ್ ಟೈಪ್’ ಅಂತ ಇರುತ್ತದೆ, ಅದನ್ನು ಎಚ್‌ಡಿಯಿಂದ ಎಸಿ 97ಕ್ಕೆ ಬದಲಿಸಿ. ಅದಿಲ್ಲದಿದ್ದರೆ ವಿಂಡೋಸ್‌ನ ರಿಯಲ್‌ಟೆಕ್ ಆಡಿಯೊ ಮ್ಯಾನೇಜರ್ ತೆರೆಯಿರಿ, ಹಳೆಯದರಲ್ಲಿ ಬಲಗಡೆ ಮೇಲೆ ಹಳದಿ ಫೋಲ್ಡರ್‌ನ ಚಿತ್ರ ಇರುತ್ತದೆ, ಅದನ್ನು ಒತ್ತಿದರೆ ‘ಡಿಸೇಬಲ್ ಫ್ರಂಟ್ ಪ್ಯಾನೆಲ್ ಜ್ಯಾಕ್ ಡಿಟೆಕ್ಷನ್’ ಸಿಗುತ್ತದೆ. ಟಿಕ್ ಹಾಕಿ. ಲಿನಕ್ಸ್‌ನವರು ಟರ್ಮಿನಲ್‌ನಲ್ಲಿ ಆಲ್ಸಾಮಿಕ್ಸರ್ ಅನ್ನುವ ಸದ್ದಿನ ಪ್ರೋಗ್ರಾಂ ತೆರೆದು ಹೆಡ್‌ಫೋನ್ ಕಂಬ ಮ್ಯೂಟ್ ಆಗಿದೆಯಾ ನೋಡಿ. ಎಷ್ಟೋ ಸಲ ಕತೆ ಅಲ್ಲೇ ಮುಗಿದಿರುತ್ತದೆ. ಆಗಲೂ ಬರದಿದ್ದರೆ ಎಚ್‌ಡಿಎ ಜ್ಯಾಕ್ ರೀಟಾಸ್ಕ್ ಅನ್ನುವ ಪುಟ್ಟ ಪ್ರೋಗ್ರಾಂನಲ್ಲಿ ಆ ಪಿನ್ನನ್ನು ಹೆಡ್‌ಫೋನ್ ಅಂತ ನೀವೇ ಘೋಷಿಸಬಹುದು.

ಇನ್ನೊಂದು ಅಡ್ಡದಾರಿ ಇದೆ. 7 ಮತ್ತು 10ನೆಯ ಪಿನ್ನನ್ನು ಒಂದು ತುಂಡು ವೈರಿನಿಂದ ಶಾಶ್ವತವಾಗಿ ಸೇರಿಸಿಬಿಡುವುದು. ಹೆಡ್‌ಫೋನ್ ಯಾವಾಗಲೂ ಇದೆ ಅಂತ ಬೋರ್ಡ್ ನಂಬುತ್ತದೆ. ಹಿಂದೆ ಸ್ಪೀಕರ್ ಇಲ್ಲದವರಿಗೆ ಇದು ಸಾಕು. ಸ್ಪೀಕರ್ ಇದ್ದರೆ ಅದು ತಾನಾಗಿ ಮ್ಯೂಟ್ ಆಗಿಬಿಡಬಹುದು, ಆಗ ಆಲ್ಸಾಮಿಕ್ಸರ್‌ನಲ್ಲಿ ಆಟೊ ಮ್ಯೂಟ್ ಆರಿಸಬೇಕು. ನಾನಂತೂ ಈ ಬಗೆಯ ಸುಳ್ಳು ಹೇಳಿಸುವ ಕೆಲಸ ಕೊನೆಗೆ ಇಟ್ಟುಕೊಳ್ಳುತ್ತೇನೆ. ಆರು ತಿಂಗಳ ಮೇಲೆ ನನಗೇ ಮರೆತುಹೋಗಿ, ಸ್ಪೀಕರ್ ಯಾಕೆ ಸತ್ತಿದೆ ಅಂತ ಮತ್ತೊಂದು ಭಾನುವಾರ ಹಾಳಾಗುತ್ತದೆ.

ಇದರ ತಿರುಗುಮುರುಗು ಮಾತ್ರ ಮಾಡಬೇಡಿ. ಎಸಿ 97 ಕಾಲದ ಹಳೆ ಬೋರ್ಡಿಗೆ ಎಚ್‌ಡಿ ಪ್ಯಾನೆಲ್ ಹಾಕುವುದು ತಪ್ಪು. ಹಳೆಯದರಲ್ಲಿ 4ನೆಯ ಪಿನ್ನಿನಲ್ಲಿ 5 ವೋಲ್ಟ್ ಇರುತ್ತದೆ, ಹೊಸ ಪ್ಯಾನೆಲ್ ಅದನ್ನು ಸೀದಾ ಗ್ರೌಂಡಿಗೆ ಕಟ್ಟುತ್ತದೆ.

ಜ್ಯಾಕನ್ನೇ ಬದಲಿಸುವುದಾದರೆ

ಜ್ಯಾಕ್ ಮುರಿದಿದ್ದರೆ, ಅಥವಾ ಸುದ್ದಿಯ ದಾರಿಯೂ ಸರಿಯಾಗಿ ಬೇಕು ಅಂದರೆ, ಹೊಸ ಜ್ಯಾಕ್ ಬೆಸೆಯಬೇಕು. ಬೆಂಗಳೂರಿನವರಿಗೆ ಎಸ್‌ಪಿ ರೋಡ್ ಇದ್ದೇ ಇದೆ, ಇಂಥ 3.5 ಎಂಎಂ ಜ್ಯಾಕ್‌ಗಳು ಡಬ್ಬಿಗಟ್ಟಲೆ ಸಿಗುತ್ತವೆ. ಆದರೆ ‘ಐದು ಕಾಲಿನ ಜ್ಯಾಕ್ ಕೊಡಿ’ ಅಂದರೆ ಬರುವುದು ಹೆಚ್ಚಾಗಿ ಎಸಿ 97 ಥರದ್ದು, ಅಂದರೆ ಸ್ವಿಚ್ಚಿನ ಕಾಲು ಸದ್ದಿನ ಕಾಲಿಗೇ ಅಂಟಿಕೊಂಡಿರುವಂಥದ್ದು. ನನಗೂ ಒಂದು ಅಂಗಡಿಯಲ್ಲಿ ಇದನ್ನೇ ಕೊಟ್ಟು, ಎಲ್ಲ ಒಂದೇ ಸರ್ ಅಂದರು. ಒಂದೇ ಅಲ್ಲ.

ಮಲ್ಟಿಮೀಟರ್ ಜೇಬಿನಲ್ಲಿ ಇಟ್ಟುಕೊಂಡು ಹೋಗಿ. ಬೀಪ್ ಮಾಡುವ ಸೆಟ್ಟಿಂಗ್‌ಗೆ ತಿರುಗಿಸಿ. ಪ್ಲಗ್ ಚುಚ್ಚಿಲ್ಲದಾಗ ಸುಮ್ಮನಿದ್ದು, ಚುಚ್ಚಿದ ಕೂಡಲೇ ಬೀಪ್ ಅನ್ನುವ ಎರಡು ಕಾಲುಗಳು ಸಿಗಬೇಕು. ಆ ಎರಡು ಕಾಲುಗಳಿಗೂ ಪ್ಲಗ್ಗಿನ ತುದಿ, ಉಂಗುರ, ಬುಡ ಯಾವುದಕ್ಕೂ ಸಂಬಂಧ ಇರಬಾರದು. ಅಂಥ ಜ್ಯಾಕ್‌ನೊಳಗೆ ಟಾರ್ಚ್ ಬಿಟ್ಟು ನೋಡಿದರೆ ಚೆಂದ ಕಾಣುತ್ತದೆ. ಹಿತ್ತಾಳೆ ಬಣ್ಣದ ಒಂದು ಪುಟ್ಟ ನಾಲಿಗೆ, ಪಕ್ಕದಲ್ಲಿ ಪ್ಲಾಸ್ಟಿಕ್‌ನ ಒಂದು ಮೊಟಕು ಕಡ್ಡಿ. ಪ್ಲಗ್ ಒಳಗೆ ಬಂದಾಗ ನಾಲಿಗೆ ಆ ಕಡ್ಡಿಯನ್ನು ತಳ್ಳುತ್ತದೆ, ಕಡ್ಡಿ ಆಚೆಗಿರುವ ಬೇರೆ ಎರಡು ತಗಡುಗಳನ್ನು ಒಂದಕ್ಕೊಂದು ಒತ್ತುತ್ತದೆ. ಸದ್ದಿಗೆ ತಾಗದೆ ಸುದ್ದಿ ಮಾತ್ರ ದಾಟುವುದು ಹೀಗೆ.

ಅಂಥದ್ದು ಸಿಗದಿದ್ದರೆ, ಗುಜರಿಗೆ ಹಾಕಿದ ಹೊಸ ಕಾಲದ ಕ್ಯಾಬಿನೆಟ್‌ನ ಮುಂದಿನ ಪುಟ್ಟ ಬೋರ್ಡನ್ನು ಕೇಬಲ್ ಸಮೇತ ಕಿತ್ತುಕೊಂಡು ಬರುವುದು ಇನ್ನೂ ಒಳ್ಳೆಯದು. ಎರಡು ಸ್ಕ್ರೂ ಬಿಚ್ಚಿದರೆ ಬರುತ್ತದೆ, ಬೆಸುಗೆಯ ಕೆಲಸವೇ ಇಲ್ಲ.

ಬೆಸೆಯುವಾಗ ಜ್ಯಾಕ್‌ನೊಳಗೆ ಹಳೆಯ ಪ್ಲಗ್ ಒಂದನ್ನು ಚುಚ್ಚಿ ಇಟ್ಟುಕೊಳ್ಳಿ. ಐರನ್‌ನ ಬಿಸಿಗೆ ಪ್ಲಾಸ್ಟಿಕ್ ಮೆತ್ತಗಾದರೂ ಒಳಗಿನ ತಗಡುಗಳು ಜಾಗ ಬಿಡುವುದಿಲ್ಲ, ಬಿಸಿಯನ್ನೂ ಆ ಪ್ಲಗ್ ಸ್ವಲ್ಪ ಎಳೆದುಕೊಳ್ಳುತ್ತದೆ. ವೈರಿನ ತುದಿಗೂ ಕಾಲಿಗೂ ಮೊದಲೇ ಬೇರೆ ಬೇರೆಯಾಗಿ ಸೀಸ ಸವರಿ, ಆಮೇಲೆ ಎರಡನ್ನೂ ಸೇರಿಸಿ ಎರಡು ಸೆಕೆಂಡ್ ಮುಟ್ಟಿಸಿ ತೆಗೆಯಿರಿ. ಐದಾರು ಸೆಕೆಂಡ್ ಹಿಡಿದುಕೊಂಡು ಕೂತರೆ ಕಾಲು ವಾಲುತ್ತದೆ. ಬಿಸಿಗೆ ಕುಗ್ಗಿ ಬೆಸುಗೆಯನ್ನು ಮುಚ್ಚುವ ಹೀಟ್ ಶ್ರಿಂಕ್ ಕೊಳವೆಯನ್ನು ಬೆಸೆಯುವ ಮುಂಚೆಯೇ ವೈರಿಗೆ ಪೋಣಿಸಿಕೊಳ್ಳಿ. ಇದನ್ನು ಪ್ರತಿ ಸಲ ಮರೆಯುವವನು ನಾನು.

ಪ್ಲಗ್ಗಿನ ತುದಿ ಎಡ, ನಡುವಿನ ಉಂಗುರ ಬಲ, ಬುಡ ಗ್ರೌಂಡ್. ಆದ್ದರಿಂದ ತುದಿಗೆ ತಾಗುವ ಕಾಲು 9ಕ್ಕೆ, ಉಂಗುರದ್ದು 5ಕ್ಕೆ, ಬುಡದ್ದು 2ಕ್ಕೆ, ಸ್ವಿಚ್ಚಿನ ಎರಡು ಕಾಲು 7 ಮತ್ತು 10ಕ್ಕೆ. 4ನೆಯದನ್ನು 2ರ ಜೊತೆ ಸೇರಿಸಿ. ಹೆಡರ್ ಕಡೆಗೆ ಆರ್ಡುಯಿನೊ ಕಿಟ್‌ನಲ್ಲಿ ಬರುವ, ಎರಡು ತುದಿಗೂ ತೂತಿರುವ ಜಂಪರ್ ವೈರುಗಳು ಸರಿಯಾಗಿ ಕೂರುತ್ತವೆ, ಪಿನ್ನುಗಳ ನಡುವಿನ ಅಂತರ ಅದೇ 2.54 ಎಂಎಂ. ಒಂದು ತುದಿ ಕತ್ತರಿಸಿ ಜ್ಯಾಕ್‌ಗೆ ಬೆಸೆದರಾಯಿತು.

ಬೋರ್ಡಿಗೆ ಚುಚ್ಚುವ ಮುಂಚೆ ಮತ್ತೆ ಮಲ್ಟಿಮೀಟರ್. ಪ್ಲಗ್ ಚುಚ್ಚಿ, ತುದಿಯಿಂದ 9ರ ವೈರಿಗೆ ಬೀಪ್, ಉಂಗುರದಿಂದ 5ಕ್ಕೆ ಬೀಪ್, ಬುಡದಿಂದ 2ಕ್ಕೆ ಬೀಪ್. 7 ಮತ್ತು 10ರ ನಡುವೆ ಪ್ಲಗ್ ಇದ್ದಾಗ ಮಾತ್ರ ಬೀಪ್. ಬೇರೆ ಎಲ್ಲಿಯೂ ಬೀಪ್ ಬರಕೂಡದು, 4 ಮತ್ತು 2ರ ನಡುವೆ ಬಿಟ್ಟು.

ಸದ್ದು ಬಂತು, ಆದರೆ ಏನೋ ಸರಿಯಿಲ್ಲ

ಹಾಡು ಹಾಕಿದಾಗ ವಾದ್ಯಗಳೆಲ್ಲ ಕೇಳಿ ಹಾಡುವವರ ದನಿ ಮಾತ್ರ ಬಾವಿಯೊಳಗಿಂದ ಬಂದ ಹಾಗೆ ಮಾಯವಾಗಿದ್ದರೆ ಗಾಬರಿ ಬೇಡ. ಗ್ರೌಂಡ್ ವೈರ್ ಬಿಟ್ಟುಹೋಗಿದೆ. ಎಡ ಬಲ ಎರಡರಲ್ಲೂ ಸಮನಾಗಿರುವ ದನಿ ಒಂದನ್ನೊಂದು ಕಳೆದುಕೊಂಡು, ವ್ಯತ್ಯಾಸ ಮಾತ್ರ ಕಿವಿಗೆ ಬೀಳುತ್ತಿರುತ್ತದೆ. 2ನೆಯ ಪಿನ್ ನೋಡಿ. ಪ್ಲಗ್ ತಿರುಗಿಸಿದಾಗ ಮಾತ್ರ ಒಂದು ಕಿವಿ ಕೇಳಿಸುತ್ತದೆ ಅಂದರೆ ಜ್ಯಾಕ್‌ನ ಬೆಸುಗೆ ಬಿರುಕು ಬಿಟ್ಟಿರುವ ಸಾಧ್ಯತೆ ಜಾಸ್ತಿ, ಮುಂದಿನ ಬೋರ್ಡ್ ಬಿಚ್ಚಿ ಆ ಕಾಲಿಗೆ ಐರನ್ ಮುಟ್ಟಿಸಿದರೆ ಸಾಕು.

ಮೌಸ್ ಆಡಿಸಿದರೆ ಕಿವಿಯಲ್ಲಿ ಕರಕರ ಅನ್ನುವುದು ಮುಂದಿನ ಜ್ಯಾಕ್‌ಗಳ ಹಳೆ ರೋಗ. ಅಗ್ಗದ ಪ್ಯಾನೆಲ್‌ಗಳಲ್ಲಿ ಯುಎಸ್‌ಬಿಗೂ ಆಡಿಯೊಗೂ ಒಂದೇ ಗ್ರೌಂಡ್ ಕೊಟ್ಟಿರುತ್ತಾರೆ. ಜ್ಯಾಕ್‌ನ ಲೋಹದ ಕತ್ತು ಕ್ಯಾಬಿನೆಟ್ ತಗಡಿಗೆ ತಾಗಿದ್ದರೂ ಹೀಗಾಗಬಹುದು, ಹಾಗಾಗಿ ಪ್ಲಾಸ್ಟಿಕ್ ಕತ್ತಿನ ಜ್ಯಾಕ್ ಒಳ್ಳೆಯದು. ಕೇಬಲನ್ನು ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಕೊಡುವ ಡಬ್ಬಿ) ಮತ್ತು ಗ್ರಾಫಿಕ್ಸ್ ಕಾರ್ಡಿನಿಂದ ದೂರ ಒಯ್ಯಿರಿ, ಆದರೆ ಬಿಗಿಯಾಗಿ ಎಳೆದು ಕಟ್ಟಬೇಡಿ.

ಹಮ್ ಅನ್ನುವ ಸದ್ದು, ಜೊತೆಗೆ ಕ್ಯಾಬಿನೆಟ್ ಮೇಲೆ ಕೈಯ ಹಿಂಭಾಗ ಸವರಿದರೆ ಜುಮ್ ಅನ್ನುವುದು, ಎರಡೂ ಇದ್ದರೆ ಜ್ಯಾಕ್ ಬಿಟ್ಟು ಗೋಡೆಯ ಕಡೆ ನೋಡಿ. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಅಡಾಪ್ಟರ್ ಮೂಲಕ ಹಾಕಿದ್ದೀರಿ, ಇಲ್ಲವೇ ಸಾಕೆಟ್‌ನಲ್ಲಿ ಅರ್ಥಿಂಗ್ ಇಲ್ಲ. ಎಸ್‌ಎಂಪಿಎಸ್‌ನ ಫಿಲ್ಟರ್ ಕೆಪಾಸಿಟರ್‌ಗಳಿಂದ ಸೋರುವ ಚೂರು ಕರೆಂಟ್ ಭೂಮಿಗೆ ಹೋಗಲು ದಾರಿ ಸಿಗದೆ ತಗಡಿನಲ್ಲೇ ಕೂತಿರುತ್ತದೆ. ಎಲೆಕ್ಟ್ರಿಷಿಯನ್‌ನ ಕರೆಸಿ. ಇದರಲ್ಲಿ ಜುಗಾಡ್ ಬೇಡ.

ಮೊಬೈಲಿನ ಹೆಡ್‌ಸೆಟ್ ಹಾಕಿ, ಹಾಡು ಕೇಳುತ್ತದೆ ಆದರೆ ಮೈಕ್ ಇಲ್ಲ ಅಂತ ಬೋರ್ಡನ್ನು ಬೈಯುವವರಿದ್ದಾರೆ. ಆ ಪ್ಲಗ್ಗಿಗೆ ಮೂರು ಕಪ್ಪು ಗೆರೆ, ನಾಲ್ಕು ತುಂಡು. ಈಗಿನ ಮೊಬೈಲ್‌ಗಳದರಲ್ಲಿ ಬುಡದ ತುಂಡು ಮೈಕ್‌ನದ್ದು, ಅದರ ಮೇಲಿನದ್ದು ಗ್ರೌಂಡ್. ಕ್ಯಾಬಿನೆಟ್‌ನಲ್ಲಿ ಹೆಡ್‌ಫೋನ್‌ಗೆ ಬೇರೆ, ಮೈಕ್‌ಗೆ ಬೇರೆ ಜ್ಯಾಕ್ ಇದ್ದರೆ ಒಂದನ್ನು ಎರಡಾಗಿ ಒಡೆಯುವ ವೈ ಆಕಾರದ ಸ್ಪ್ಲಿಟರ್ ತೆಗೆದುಕೊಳ್ಳಿ, ಹೊಸ ವೈರಿಂಗ್ ಏನೂ ಬೇಡ.

ಇನ್ನು ಪಿನ್ನೇ ಮುರಿದು ಬೋರ್ಡಿನ ಹೆಡರ್ ಹಾಳಾಗಿದ್ದರೆ ಒಂದು ಯುಎಸ್‌ಬಿ ಸೌಂಡ್ ಡಾಂಗಲ್ ತಂದು ಮುಂದಿನ ಯುಎಸ್‌ಬಿಗೆ ಚುಚ್ಚಿ. ಬೋರ್ಡಿನ ಆಡಿಯೊ ಪಿನ್ನುಗಳ ಗೊಡವೆಯೇ ಅದಕ್ಕಿಲ್ಲ. ಅದನ್ನು ಮೊದಲೇ ಯಾಕೆ ಹೇಳಲಿಲ್ಲ ಅಂದರೆ, ನನ್ನ ಎರಡು ಭಾನುವಾರ ಹೋಗಿತ್ತಲ್ಲ.